ಜಡ್ಜಮ್ಮನ ಬಾಲ್ಯದಲ್ಲಿ ನನ್ನ ಪಾಲು

ಪಾಠ ಹೇಳುವ ಕೆಲಸದವರಿಗೆಲ್ಲ ಒಂದು ಖಾಯಂ ಭ್ರಮೆ ಇರುತ್ತದೆ. ದೊಡ್ಡವರ ಬಾಲ್ಯದ ಕಥೆಯನ್ನು ಸ್ವಲ್ಪ ಭಾವಪೂರ್ಣವಾಗಿ ಹೇಳಿಬಿಟ್ಟರೆ ಸಾಕು, ಎದುರಿಗೆ ಕೂತ ಮಕ್ಕಳು ಮರುದಿನ ಬೆಳಿಗ್ಗೆಯಿಂದಲೇ ದೊಡ್ಡವರಾಗಲು ಶುರುಮಾಡುತ್ತಾರೆ ಎಂಬುದೇ ಆ ಭ್ರಮೆ. ನನಗಂತೂ ಅದು ಹೆಚ್ಚಿನ ಪ್ರಮಾಣದಲ್ಲಿಯೇ ಇತ್ತು. ಬೀದಿದೀಪದ ಕೆಳಗೆ ಓದಿದ ಹುಡುಗ, ಹೊಳೆ ಈಜಿಕೊಂಡು ಶಾಲೆಗೆ ಹೋದ ಹುಡುಗ, ಹಸಿವು ಮರೆಯಲು ನೀರು ಕುಡಿದು ಗಣಿತ ಮಾಡಿದ ಹುಡುಗ, ಹೀಗೆ ನನ್ನ ಹತ್ತಿರ ಮಹಾಪುರುಷರ ದೊಡ್ಡ ದಾಸ್ತಾನೇ ಇತ್ತು. ಆದರೆ ನಾನು ಪಾಠ ಮಾಡುತ್ತಿದ್ದದ್ದು ಎರ್ಮಾಳಿನಲ್ಲಿ, ಕಡಲ ಮೊರೆತ ಹಾಜರಿ ಕರೆಯುವ ನನ್ನ ದನಿಯನ್ನು ನುಂಗಿಹಾಕುವಷ್ಟು ಹತ್ತಿರದ ಒಂದು ಶಾಲೆಯಲ್ಲಿ. ಬೀದಿದೀಪದ ಕಥೆ ಹೇಳೋಣವೆಂದರೆ ಆ ಊರಿನಲ್ಲಿ ಆಗ ಬೀದಿದೀಪವೇ ಇರಲಿಲ್ಲ. ಹೊಳೆ ಈಜಿದ ಕಥೆಯನ್ನು ನಾನು ಗಂಟಲು ಕಟ್ಟಿಸಿಕೊಂಡು ಹೇಳಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ, "ಹೊಳೆಯಾ ಟೀಚರೇ? ಬರೀ ಹೊಳೆಯಾ?" ಎಂದು ಕೇಳಿದ. ಅವನು ದಿನಾ ಕಡಲಿಗೆ ಹಾರುವವನು. ಅಂದಿನಿಂದ ಆ ಮಹಾಪುರುಷರನ್ನು ನಾನು ಎರ್ಮಾಳಿಗೆ ಕರೆತರಲಿಲ್ಲ.

ನನ್ನ ದಾಸ್ತಾನಿನಲ್ಲಿದ್ದ ನಿಜವಾದ ಕೊರತೆಯನ್ನು ತೋರಿಸಿಕೊಟ್ಟವಳು ಆರನೆಯ ಕ್ಲಾಸಿನ ಜಲಜ. ಮನೆಯಲ್ಲಿ ತುಳು ಆಡುವ ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ ಆಡುವುದೆಂದರೆ ಹಬ್ಬಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಹಾಗೆ, ಎಲ್ಲಿಯೂ ಸುಕ್ಕು ಬೀಳಬಾರದು. ಅಂಥ ಕನ್ನಡದಲ್ಲಿ ಅವಳು ಎದ್ದು ನಿಂತು ಕೇಳಿದಳು: "ಟೀಚರೇ, ಹೆಂಗಸರು ಯಾರೂ ಸಣ್ಣದಿರುವಾಗ ಎಂತದೂ ಮಾಡಲಿಲ್ಲವಾ?" ನಾನು ಗಂಟೆ ಹೊಡೆಯಲಿ ಎಂದು ಕಾದೆ. ಅದೇನೋ, ಬೇಕೆಂದಾಗ ಶಾಲೆಯ ಗಂಟೆ ಹೊಡೆಯುವುದೇ ಇಲ್ಲ.

ಜಲಜಳ ಪ್ರಶ್ನೆ ನನ್ನನ್ನು ಚುಚ್ಚಲು ಇನ್ನೊಂದು ಕಾರಣವಿತ್ತು. ಅವಳ ತಾಯಿ ಕಲ್ಯಾಣಿಯಕ್ಕ ಮೀನಿನ ಬುಟ್ಟಿ ಹೊತ್ತು ಕಾಪುವಿನವರೆಗೂ ಮಾರಿ ಬರುವವಳು. ಮನೆಯಲ್ಲಿ ಇನ್ನೂ ತೆವಳುತ್ತಿದ್ದ ಒಂದು ಗಂಡು ಕೂಸಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯ ಕಣ್ಣು ಮಂಜಾಗಿತ್ತು. "ಈ ವರ್ಷ ಮುಗಿದರೆ ಜಲಜನ ಶಾಲೆ ಸಾಕು ಟೀಚರೇ, ಕೂಸು ನೋಡುವವರು ಯಾರು?" ಎಂದು ಕಲ್ಯಾಣಿಯಕ್ಕ ದಾರಿಯಲ್ಲಿ ಸಿಕ್ಕಾಗಲೇ ಹೇಳಿಬಿಟ್ಟಿದ್ದಳು. ಬಿಡಿಸಬೇಡ ಎಂದು ನಾನು ಉಪದೇಶ ಕೊಟ್ಟಷ್ಟು ಹೊತ್ತೂ ಅವಳು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡೇ ನಿಂತಿದ್ದಳು. ಉಪದೇಶ ಮುಗಿದ ಮೇಲೆ, "ಬೂತಾಯಿ ಬೇಕಿತ್ತಾ?" ಎಂದು ಕೇಳಿ, ನಾವು ಮೀನು ತಿನ್ನದವರೆಂದು ನೆನಪಾಗಿ ನಕ್ಕು ಹೊರಟುಹೋದಳು.

ಆ ದಿನಗಳಲ್ಲೇ ನಮ್ಮವರು ಆ ಸುದ್ದಿ ತಂದರು. ಅವರು ಉಡುಪಿಯ ಒಬ್ಬ ವಕೀಲರ ಆಫೀಸಿನಲ್ಲಿ ಗುಮಾಸ್ತರು. ನಿನ್ನೆಯ ಪೇಪರನ್ನು ಇವತ್ತು ಮನೆಗೆ ತರುವ ಹಕ್ಕು ಅವರಿಗಿತ್ತು. ಅದರ ಮೂಲೆಯಲ್ಲಿ ಇತ್ತು: ಕೇರಳದಲ್ಲಿ ಒಬ್ಬ ಹೆಂಗಸು ಹೈಕೋರ್ಟಿನ ನ್ಯಾಯಾಧೀಶೆಯಾಗಿದ್ದಾರೆ! ನಾನು ಒಲೆಯ ಮೇಲಿದ್ದ ಹಾಲನ್ನು ಮರೆತು ಅದನ್ನು ಎರಡು ಸಲ ಓದಿದೆ. ಕೇರಳವೆಂದರೇನು ದೂರವೇ? ಮಂಗಳೂರು ದಾಟಿದರೆ ಬಂತು. ನನ್ನ ಸ್ವಂತ ಅಕ್ಕನಿಗೇ ಆ ಕುರ್ಚಿ ಸಿಕ್ಕಿತೋ ಎನ್ನುವಷ್ಟು ಹೆಮ್ಮೆ ನನಗೆ. ಹಾಲು ಉಕ್ಕಿ ಒಲೆ ಆರಿತು. "ಜಡ್ಜಮ್ಮನ ಲೆಕ್ಕದಲ್ಲಿ ಇವತ್ತು ಕಪ್ಪು ಕಾಫಿಯಾ?" ಎಂದು ನಮ್ಮವರು ಕೇಳಿದರು. ಹೌದು ಎಂದೆ.

ಈಗ ಬೇಕಾದದ್ದು ಅವರ ಬಾಲ್ಯ. ಪೇಪರಿನವರು ಅವರ ಹುದ್ದೆ ಬರೆದಿದ್ದರು, ಬಾಲ್ಯ ಬರೆದಿರಲಿಲ್ಲ. ನಮ್ಮವರ ಮೂಲಕ ವಕೀಲರನ್ನು ಕೇಳಿಸಿದೆ. ಅವರು, "ತೀರ್ಪು ಬೇಕಾದರೆ ಹುಡುಕಿಕೊಡಬಹುದು, ಬಾಲ್ಯ ನಮ್ಮ ಲೈನಿನದ್ದಲ್ಲ" ಎಂದರಂತೆ. ಕೊನೆಗೆ ಕಾರ್ಕಳಕ್ಕೆ ಹೋದಾಗ ನಮ್ಮವರ ಸೋದರಮಾವನನ್ನು ಹಿಡಿದೆ. ಅವರು ಮುನ್ಸೀಫ್ ಕೋರ್ಟಿನಲ್ಲಿ ಸಮನ್ಸು ಹಂಚುವ ಅಮೀನರಾಗಿದ್ದು ನಿವೃತ್ತರಾದವರು. ಆಯುಷ್ಯವಿಡೀ ಜಡ್ಜರನ್ನು ಹತ್ತಿರದಿಂದ ನೋಡಿದವರು. "ಬಾಲ್ಯವಾ? ಜಡ್ಜರಿಗೆ ಅದೆಲ್ಲ ಎಲ್ಲಿ ಉಂಟು ಮಾರಾಯ್ತಿ?" ಎಂದರು ಮಾವ. "ನಾನು ನೋಡಿದವರೆಲ್ಲ ಹುಟ್ಟುವಾಗಲೇ ದೊಡ್ಡವರು. ನಗುವುದೂ ಇಲ್ಲ, ಕೆಮ್ಮುವುದೂ ಇಲ್ಲ. ಬೇಕಾದರೆ ಕೋರ್ಟಿನ ಬಾಗಿಲಲ್ಲಿ ಡವಾಲಿಯವ ಮೂರು ಸಲ ಹೆಸರು ಕೂಗುವುದನ್ನು ಹೇಳಿಕೊಡ್ತೇನೆ." ಹಾಗೆಂದು ಅಲ್ಲೇ ಜಗಲಿಯಲ್ಲಿ ಎದ್ದುನಿಂತು ಎಷ್ಟು ಗಟ್ಟಿಯಾಗಿ ಕೂಗಿ ತೋರಿಸಿದರೆಂದರೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಓಡಿಬಂದರು. ಹೈಕೋರ್ಟಿನ ಬಗ್ಗೆ ನಾನು ಸಂಪಾದಿಸಿದ ಒಟ್ಟು ಜ್ಞಾನ ಅಷ್ಟೇ.

ಇದ್ದಷ್ಟರಲ್ಲೇ ಕಥೆ ಕಟ್ಟಿದೆ. ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ, ಗಂಡುಮಕ್ಕಳೇ ತುಂಬಿದ ಕ್ಲಾಸಿನಲ್ಲಿ ಕೂತು ಕಾನೂನು ಓದುವ ಹೆಣ್ಣುಮಗಳು, ನಗುವವರ ಎದುರು ತಲೆ ತಗ್ಗಿಸದೆ ನಡೆಯುವುದು ಎಂದೆಲ್ಲ ಹೇಳಿದೆ. ಬಾಲ್ಯಕ್ಕೆ ಬಂದಾಗ ಮಾತ್ರ "ಇದ್ದಿರಬೇಕು", "ಮಾಡಿರಬೇಕು" ಎಂದು ಸ್ವಲ್ಪ ಸ್ವಲ್ಪವೇ ಒಗ್ಗರಣೆ ಹಾಕಿದೆ. ಮಕ್ಕಳು ಬಾಯಿ ತೆರೆದು ಕೇಳಿದರು. ಮಣಿಪಾಲದ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಬಂದ ಮೇಲೆ, ದೊಡ್ಡವನಾದ ಮೇಲೆ ಏನಾಗುತ್ತೀ ಎಂದರೆ ಎಲ್ಲರೂ ಡಾಕ್ಟರೆಂದೇ ಹೇಳುತ್ತಿದ್ದರು. ಅಂದು ಅರ್ಧ ಕ್ಲಾಸು ಜಡ್ಜಾಗಲು ಹೊರಟಿತು. ನಾನು ಉಬ್ಬಿಹೋಗಿದ್ದೆ. ಆಗ ಜಲಜ ಎದ್ದಳು.

"ಟೀಚರೇ, ಆ ಜಡ್ಜಮ್ಮ ಶಾಲೆಗೆ ಹೋಗುವಾಗ ಮನೆಯಲ್ಲಿ ಕೂಸನ್ನು ಯಾರು ನೋಡುತ್ತಿದ್ದರು?"

ಆ ಮನೆಯಲ್ಲಿ ಕೂಸು ಇತ್ತೋ ಇಲ್ಲವೋ ನನಗೇನು ಗೊತ್ತು! ಆದರೆ ಎರ್ಮಾಳಿನ ಈ ಮನೆಯಲ್ಲಿ ಇತ್ತು. ಹುಡುಗಿ ಉತ್ತರಕ್ಕಾಗಿ ನಿಂತೇ ಇದ್ದಳು. "ಕೂತುಕೋ" ಎಂದೆ. ಆ ರಾತ್ರಿ ಊಟ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು, ಸೇರಿತು, ಆದರೆ ರುಚಿಸಲಿಲ್ಲ.

ಕಥೆಯಿಂದ ಆಗದ್ದು ನಾಟಕದಿಂದ ಆದೀತು ಎಂದು ಮುಂದಿನ ಯೋಜನೆ ಹಾಕಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಒಂದು ನಾಟಕ ಬರೆದೆ. ಜಲಜ ಅದರಲ್ಲಿ ಜಡ್ಜಮ್ಮ. ಮಗಳನ್ನು ಆ ಕುರ್ಚಿಯ ಮೇಲೆ ನೋಡಿದರೆ ಕಲ್ಯಾಣಿಯಕ್ಕನ ಮನಸ್ಸು ಕರಗೀತು ಎಂಬುದು ನನ್ನ ಉಪಾಯ. ಊರಿನವರಿಗೆ ಹತ್ತಿರವಾಗಲೆಂದು ರಂಪಣಿಯ ಕಥೆಯನ್ನೇ ಆರಿಸಿಕೊಂಡೆ. ರಂಪಣಿ ಎಂದರೆ ಕಡಲಿಗೆ ದೋಣಿಯಲ್ಲಿ ಬಿಟ್ಟು, ದಡದಲ್ಲಿ ಊರಿಗೆ ಊರೇ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ನನ್ನ ನಾಟಕದಲ್ಲಿ ಒಬ್ಬಳು ಬಡ ಮುದುಕಿ ಕೊನೆಗೆ ಬಂದು ಹಗ್ಗಕ್ಕೆ ಕೈ ಹಾಕುತ್ತಾಳೆ. ಬಲೆಯ ಧಣಿ ಅವಳಿಗೆ ಮೀನು ಕೊಡದೆ ಓಡಿಸುತ್ತಾನೆ. ದಯಾಮಯಿಯಾದ ಜಡ್ಜಮ್ಮ, "ಎಲೈ ಧಣಿಯೇ, ಬಡವಳ ಮೇಲೆ ಕರುಣೆಯಿಟ್ಟು ಒಂದು ಮೀನನ್ನು ದಾನಮಾಡು" ಎನ್ನುತ್ತಾಳೆ. ಆಮೇಲೆ ಸ್ತ್ರೀಶಿಕ್ಷಣದ ಬಗ್ಗೆ ಒಂದು ಉದ್ದನೆಯ ಭಾಷಣ. ಬರೆದು ಮುಗಿಸಿ ನಾನೇ ಕಣ್ಣೊರಸಿಕೊಂಡೆ. ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ ಬೆಳೆದ ನಾನು ರಂಪಣಿಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ವಾರ್ಷಿಕೋತ್ಸವದ ಸಂಜೆ ಶಾಲೆಯ ಅಂಗಳದಲ್ಲಿ ಜನವೋ ಜನ. ಜಲಜಳಿಗೆ ಹೆಡ್ಮಾಸ್ಟ್ರ ಕಪ್ಪು ರೈನುಕೋಟನ್ನೇ ಗೌನು ಮಾಡಿ ತೊಡಿಸಿದ್ದೆ. ಅದರೊಳಗಿನಿಂದ ಮುಖ ಮಾತ್ರ ಕಾಣುತ್ತಿತ್ತು, ಆದರೆ ಆ ಮುಖ ಸಾಕಿತ್ತು. ಕಾರ್ಕಳದ ಮಾವನ ಧಾಟಿಯಲ್ಲಿ ನಮ್ಮ ಡವಾಲಿ ಹುಡುಗ ಕೂಗಿದ. ಮುದುಕಿ ಬಂದಳು, ಧಣಿ ಬಂದ. ಸಾಕ್ಷಿಯಾಗಬೇಕಿದ್ದ ಹುಡುಗ ಮಾತ್ರ ಜನರನ್ನು ನೋಡಿ ಹೆದರಿ ಪರದೆಯ ಹಿಂದಿನಿಂದಲೇ ಮನೆಗೆ ಓಡಿದ್ದ. ಅದು ತಿಳಿಯದ ಡವಾಲಿ ಮೂರು ಸಲ ಕೂಗಿದ: "ಮುದುಕಿ ಹಗ್ಗ ಎಳೆದದ್ದನ್ನು ನೋಡಿದ ಸಾಕ್ಷಿ ಯಾರಾದರೂ ಇದ್ದಾರೋ?"

ಜನರ ನಡುವೆ ಕಲ್ಯಾಣಿಯಕ್ಕ ಎದ್ದು ನಿಂತಳು. ಸೊಂಟದಲ್ಲಿ ಕೂಸು. "ನಾನು ಇದ್ದೇನೆ. ನಾನು ನೋಡಿದ್ದೇನೆ."

ಪರದೆಯ ಸಂದಿಯಿಂದ ಕೈಬೀಸಿ ಕೂರಲು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲೇ ಇಲ್ಲ, ನೇರವಾಗಿ ವೇದಿಕೆ ಹತ್ತಿ ಕಟಕಟೆಯೆಂದು ನಾನಿಟ್ಟಿದ್ದ ಬೆಂಚಿನ ಹಿಂದೆ ನಿಂತಳು. ಇನ್ನು ನಾಟಕ ಮುಳುಗಿತು ಎಂದುಕೊಂಡೆ. ಆದರೆ ಜಲಜ ರೈನುಕೋಟಿನ ತೋಳು ಮೇಲೆ ಸರಿಸಿದಳು.

"ನಿಮ್ಮ ಹೆಸರು?"

"ನಿನಗೆ ಗೊತ್ತಿಲ್ವಾ?"

"ಕೋರ್ಟಿಗೆ ಗೊತ್ತಿಲ್ಲ. ಹೇಳಿ."

ಅಂಗಳವೆಲ್ಲ ನಕ್ಕಿತು. ಕಲ್ಯಾಣಿಯಕ್ಕ ನಗಲಿಲ್ಲ, ಸೆರಗು ಸರಿಮಾಡಿಕೊಂಡು ಹೆಸರು ಹೇಳಿದಳು.

"ಅಜ್ಜಿ ಹಗ್ಗ ಮುಟ್ಟಿದ್ದು ಮಾತ್ರವಾ, ಎಳೆದದ್ದಾ?"

"ಎಳೆದದ್ದು. ಕೊನೆಗೆ ಬಂದರೆ ಎಂತ, ಭಾರ ಇರುವುದು ಕೊನೆಗೇ ಅಲ್ವಾ? ನಾನು ಎಷ್ಟು ಸಲ ಎಳೆದಿಲ್ಲ! ಪಾಲು ಕೇಳಿದರೆ ಬೈದವರೂ ಉಂಟು. ಇಲ್ಲೇ ಮುಂದೆ ಕೂತಿದ್ದಾರೆ."

ಮುಂದಿನ ಸಾಲಿನಲ್ಲಿ ಒಂದಿಬ್ಬರು ಧಣಿಗಳು ಕಡಲ ಕಡೆ ನೋಡತೊಡಗಿದರು. ಜಲಜ ಮಾತ್ರ ಕದಲಲಿಲ್ಲ. "ಬೇರೆ ಕೇಸನ್ನು ಇದರಲ್ಲಿ ತರಬೇಡಿ. ಅಮ್ಮ ಅಂತ ಕೋರ್ಟು ನೋಡುವುದಿಲ್ಲ" ಎಂದಳು. ಈ ಸಲ ಧಣಿಗಳೂ ನಕ್ಕರು. ಆಮೇಲೆ ಅವಳು, ನಾನು ಕಣ್ಣೀರಿಟ್ಟು ಬರೆದ ಕರುಣೆಯನ್ನೂ ದಾನವನ್ನೂ ಸ್ತ್ರೀಶಿಕ್ಷಣವನ್ನೂ ಪೂರ್ತಿ ಕೈಬಿಟ್ಟು, ತನ್ನದೇ ತೀರ್ಪು ಕೊಟ್ಟಳು: "ಹಗ್ಗಕ್ಕೆ ಕೈ ಹಾಕಿ ಎಳೆದವರಿಗೆ ಪಾಲು ಉಂಟು. ಮೊದಲು ಬಂದವರಿಗೂ ಉಂಟು, ಕೊನೆಗೆ ಬಂದವರಿಗೂ ಉಂಟು. ಇದು ದಾನ ಅಲ್ಲ. ಅಜ್ಜಿಯ ಪಾಲು ಅಜ್ಜಿಗೆ ಕೊಡಿ."

ಆ ಚಪ್ಪಾಳೆಯನ್ನು ನಾನು ಹೇಗೆ ವರ್ಣಿಸಲಿ! ಹೆಂಗಸರು ಎದ್ದು ನಿಂತು ತಟ್ಟಿದರು. ಕರುಣೆ ತೋರಿಸಲೆಂದು ಬಾಯಿಪಾಠ ಮಾಡಿ ಬಂದಿದ್ದ ನನ್ನ ಧಣಿ ಮಾತ್ರ ಕಂಗಾಲಾಗಿ ಪರದೆಯ ಕಡೆ ತಿರುಗಿ, "ಟೀಚರೇ, ಈಗ ನಾನು ಎಂತ ಹೇಳುವುದು?" ಎಂದು ಗಟ್ಟಿಯಾಗಿ ಕೇಳಿದ. "ಪಾಲು ಕೊಡು ಮಾರಾಯ!" ಎಂದು ಇಡೀ ಅಂಗಳವೇ ಉತ್ತರ ಹೇಳಿತು. ನಾನು ಪರದೆಯ ಹಿಂದೆ ನಿಂತು ಅತ್ತೆ. ನಾಟಕ ಬರೆದವಳ ಒಂದು ಮಾತೂ ಉಳಿಯದ ನಾಟಕಕ್ಕೆ ಅಷ್ಟು ಹೆಮ್ಮೆಪಟ್ಟವರು ಬೇರೆ ಯಾರೂ ಇರಲಾರರು.

ಮರುದಿನ ಬೆಳಿಗ್ಗೆ ಕಲ್ಯಾಣಿಯಕ್ಕ ಶಾಲೆಗೆ ಬಂದಳು. ಬುಟ್ಟಿಯನ್ನು ಕೆಳಗಿಟ್ಟಳು. ಅದನ್ನು ಇಳಿಸಿ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಟೀಚರೇ, ಇವಳನ್ನು ಬುಟ್ಟಿ ಹೊರಿಸಿ ಮಾರ್ಕೆಟಿಗೆ ಕಳಿಸಿದರೆ ನನ್ನ ವ್ಯಾಪಾರ ಹಾಳು. ಗಿರಾಕಿ ಕೇಳಿದರೆ ಇದು ನಿನ್ನೆಯ ಮೀನು ಅಂತ ಹೇಳಿಬಿಡುವ ಜಾತಿ ಇದು. ನಿನ್ನೆ ನೋಡಿದ್ರಲ್ಲ, ಹೆತ್ತವಳ ಹತ್ತಿರ ಹೆಸರು ಕೇಳ್ತಾಳೆ! ಶಾಲೆಯಲ್ಲೇ ಇರಲಿ. ನೀವೇ ಇಟ್ಟುಕೊಳ್ಳಿ."

ಬೈಯುತ್ತಿದ್ದಳು, ಆದರೆ ಮುಖ ಬೆಳಗುತ್ತಿತ್ತು. ನನಗೆ ಸಂತೋಷ ತಡೆಯಲಾಗಲಿಲ್ಲ. ಆ ಭರದಲ್ಲಿ, ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ, "ಹಾಗಾದರೆ ಕೂಸು?" ಎಂದು ಕೇಳಿಬಿಟ್ಟೆ.

"ಅವನನ್ನೂ ತಂದಿದ್ದೇನೆ" ಎಂದು ಕಲ್ಯಾಣಿಯಕ್ಕ ಸೊಂಟದಿಂದ ಕೂಸನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಬುಟ್ಟಿ ಎತ್ತಿ ಹೊರಟೇಹೋದಳು.

ಹೀಗೆ ನಮ್ಮ ಶಾಲೆಗೆ ಪುಟ್ಟ ಸೇರಿದ. ಹೆಡ್ಮಾಸ್ಟ್ರು, "ಇನ್‌ಸ್ಪೆಕ್ಟರು ಬಂದರೆ ಇವನನ್ನು ಯಾವ ಕ್ಲಾಸಿನಲ್ಲಿ ತೋರಿಸುವುದು?" ಎಂದು ತಲೆಗೆ ಕೈಹೊತ್ತರು. ಅಕ್ಕನ ಹತ್ತಿರ ಬಿಟ್ಟರೆ ಅಕ್ಕನ ಪಾಠ ಕೆಡುತ್ತದೆಂದು ಅವನನ್ನು ನಾನೇ ಎತ್ತಿಕೊಳ್ಳುತ್ತಿದ್ದೆ. ಎಡಸೊಂಟದಲ್ಲಿ ಪುಟ್ಟ, ಬಲಗೈಯಲ್ಲಿ ಸೀಮೆಸುಣ್ಣ. ಅವನು ನನ್ನ ಸೀಮೆಸುಣ್ಣ ತಿಂದ, ಭೂಪಟ ಹರಿದ, ನನ್ನ ಸೀರೆಗಳಲ್ಲಿ ಒಂದನ್ನೂ ಒಣಗಿರಲು ಬಿಡಲಿಲ್ಲ. ಸಂಜೆ ಬಸ್ಸಿನಲ್ಲಿ ಕಾಪುವಿಗೆ ಮರಳುವಾಗ ನನ್ನ ಪಕ್ಕದ ಸೀಟು ಬಹುತೇಕ ಖಾಲಿಯೇ ಇರುತ್ತಿತ್ತು. ನಮ್ಮವರು, "ಕೇರಳದಲ್ಲಿ ಒಬ್ಬರು ಜಡ್ಜಾದರೆ ನಮ್ಮ ಮನೆಯಲ್ಲಿ ಸಾಬೂನು ಯಾಕೆ ಮುಗಿಯುತ್ತದೆ?" ಎಂದು ಕೇಳುತ್ತಿದ್ದರು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಜಲಜ ನಮ್ಮ ಮನೆಗೆ ಬಂದಿದ್ದಳು. ಬಿ.ಎ. ಮುಗಿಸಿದ್ದಾಳೆ. ಉಡುಪಿಯಲ್ಲೇ ಕಾನೂನು ಕಾಲೇಜಿಗೆ ಸೇರಿದ್ದಾಳೆ. ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಂತೆ, ನಗುವ ಹುಡುಗರು ಇದ್ದಾರಂತೆ. "ನಗಲಿ ಬಿಡಿ, ಅವರಿಗೂ ಹೊತ್ತು ಹೋಗಬೇಕಲ್ವಾ?" ಎಂದಳು. ಹೆಮ್ಮೆಯ ಭರದಲ್ಲಿ ನಾನು ಅವಳ ಕಾಫಿಗೆ ಎರಡು ಸಲ ಸಕ್ಕರೆ ಹಾಕಿ ಕೊಟ್ಟೆ. ಮುಂದೆ ಒಂದು ದಿನ ಯಾರೋ ಟೀಚರು ಯಾವುದೋ ಶಾಲೆಯಲ್ಲಿ ಇವಳ ಬಾಲ್ಯದ ಕಥೆ ಹೇಳುತ್ತಾರೆ, ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ಕೂಸನ್ನು ಯಾರು ನೋಡುತ್ತಿದ್ದರು ಎಂದು ಕೇಳುತ್ತಾಳೆ. ಆ ಟೀಚರು ನನ್ನ ಹಾಗೆ "ಕೂತುಕೋ" ಎನ್ನಬಾರದು. ಅದಕ್ಕೇ ಇಷ್ಟನ್ನೂ ಬರೆದಿಟ್ಟಿದ್ದೇನೆ.

ಆದರೆ ಬಾಯಿ ಸುಮ್ಮನಿರಬೇಕಲ್ಲ! "ಜಲಜ, ನೀನು ಜಡ್ಜಾದರೆ ಅದರಲ್ಲಿ ನನಗೂ ಒಂದು ಪಾಲು ಉಂಟು, ನೆನಪಿರಲಿ. ನಾನೂ ಹಗ್ಗಕ್ಕೆ ಕೈ ಹಾಕಿದವಳೇ" ಎಂದೆ. ಅವಳು ಕಾಫಿ ಲೋಟ ಕೆಳಗಿಟ್ಟು, ಆ ಹಳೆಯ ರೈನುಕೋಟಿನ ಮುಖ ಮಾಡಿಕೊಂಡು, "ಎಳೆದದ್ದಕ್ಕೆ ಸಾಕ್ಷಿ ಉಂಟಾ ಟೀಚರೇ?" ಎಂದಳು.

ಸಾಕ್ಷಿ ಇದ್ದ. ಅಕ್ಕನ ಜೊತೆಗೇ ಬಂದು ನಮ್ಮ ಹೊಸ್ತಿಲಲ್ಲಿ ಕೂತು ನನ್ನ ಚಕ್ಕುಲಿ ಮುರಿಯುತ್ತಿದ್ದ. ಪುಟ್ಟ ಈಗ ನನ್ನದೇ ಕ್ಲಾಸಿನಲ್ಲಿದ್ದಾನೆ. ಹಿಂದಿನ ದಿನವಷ್ಟೇ ಮಗ್ಗಿ ತಪ್ಪಿದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. "ಹೇಳೋ ಪುಟ್ಟ, ನಿನ್ನನ್ನು ಎತ್ತಿಕೊಂಡೇ ನಾನು ಪಾಠ ಮಾಡಿದ್ದು ಹೌದೋ ಅಲ್ಲವೋ?" ಎಂದು ಕೇಳಿದೆ. ಅವನು ಚಕ್ಕುಲಿ ಅಗಿದು ಮುಗಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನಗೆ ನೆನಪಿಲ್ಲ ಟೀಚರೇ" ಎಂದ.

ಜಡ್ಜಮ್ಮ ಕೇಸು ವಜಾ ಮಾಡಿದಳು.