ತಲೆ ತಿರುಗಿದ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ತಲೆ ತಿರುಗಿತ್ತು. ಹೀಗೆ ಹೇಳಿದ ಕೂಡಲೇ ನೀವು ಏನು ತಿಳಿದುಕೊಂಡಿರೋ ನಮ್ಮ ಊರೂ ಅದನ್ನೇ ತಿಳಿದುಕೊಂಡಿತು, ಬಂದ ತಾಪತ್ರಯವೇ ಅದು! ಕನ್ನಡದಲ್ಲಿ ತಲೆ ಎರಡು ಕಾರಣಕ್ಕೆ ತಿರುಗುತ್ತದೆ. ಒಂದು ಕಾಯಿಲೆಯಿಂದ, ಇನ್ನೊಂದು ಕೊಬ್ಬಿನಿಂದ. ಕಾಯಿಲೆಗಾದರೆ ಆಸ್ಪತ್ರೆ ಇದೆ, ಕೊಬ್ಬಿಗಾದರೆ ಊರೇ ಇದೆ. ದೊಡ್ಡವ್ವನ ಹಣೆಬರಹ ನೋಡಿ: ಬಂದದ್ದು ಮೊದಲನೆಯದು, ಮದ್ದು ಅರೆದದ್ದು ಎರಡನೆಯದಕ್ಕೆ.

ಅದು ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಅಂಥದೊಂದರಲ್ಲಿ ನಾನು ಕಾರಿನ ಬಾಗಿಲಿಗೆ ಬೋಲ್ಟು ಬಿಗಿಯುವವನು. ಟ್ರೈನಿಯಾಗಿ ಸವೆದು ಸವೆದು ಕೊನೆಗೂ ಪರ್ಮನೆಂಟ್ ಆದೆ. ಸರಿಯಾಗಿ ಆ ವಾರವೇ ದೊಡ್ಡವ್ವನ ತಲೆ ತಿರುಗಬೇಕೆ? ಇನ್ನೊಂದು ವಾರ ಕಾದಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅಪ್ಪ ಮಾಗಡಿ ಕಡೆ ಮನೆ ಅಳಿಯನಾಗಿ ಹೋದವನು. ಅಲ್ಲಿ ಮಕ್ಕಳು ಹೆಚ್ಚಾಗಿ, ಇಲ್ಲಿ ಅಕ್ಕೂರಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಮಕ್ಕಳೇ ಇಲ್ಲದೆ, ನನ್ನನ್ನು ಓದುವ ನೆಪದಲ್ಲಿ ಇತ್ತ ಸಾಗಹಾಕಿದರು. ಓದು ಮುಗಿದರೂ ನಾನು ವಾಪಸ್ಸು ಹೋಗಲಿಲ್ಲ. ಊಟಕ್ಕೆ, ಬಟ್ಟೆಗೆ, ಬೈಗುಳಕ್ಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ದೊಡ್ಡವ್ವ ಭಾರೀ ಕರಾರುವಾಕ್ಕು. ಯಾರಾದರೂ "ನಿಮ್ ಮಗನಾ?" ಎಂದರೆ "ಅಲ್ಲ, ಮೈದುನನ ಮಗ" ಎಂದು ತಿದ್ದುತ್ತಿದ್ದಳು. ಟಿಕೆಟ್ ಹರಿಯುವ ಕಂಡಕ್ಟರ್ ಕೇಳಿದರೂ ಬಿಡುತ್ತಿರಲಿಲ್ಲ! ಕರೆಯುವಾಗ 'ಮಗ' ಎನ್ನುತ್ತಿದ್ದಳು ನಿಜ, ನಮ್ಮ ಕಡೆ ಹಾಗೆ ಹಾಲು ಅಳೆಯುವ ಹುಡುಗನನ್ನೂ ಕರೆಯುತ್ತಾರೆ. ಇನ್ನು 'ನನ್ಮಗ' ಎನ್ನುವುದು ನಿಮಗೆ ಗೊತ್ತಲ್ಲ, ಅದು ಬೈಗುಳ. ದೊಡ್ಡಪ್ಪ ಅದನ್ನು ನನಗೆ ಧಾರಾಳವಾಗಿ ದಯಪಾಲಿಸುತ್ತಿದ್ದ. ದೊಡ್ಡವ್ವ ಎಂಥ ಸಿಟ್ಟಿನಲ್ಲೂ ಆ ಮಾತನ್ನು ಮುಟ್ಟಲಿಲ್ಲ.

ನಡೆದದ್ದು ಇಷ್ಟು. ಒಂದು ಬೆಳಗ್ಗೆ ಅವಳು ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದಳು, ಮನೆ ಎಡಕ್ಕೆ ಮಗ್ಗುಲಾಯಿತು! ಎದ್ದು ಕೂತು ಕಂಬ ಹಿಡಿದುಕೊಂಡ ಮೇಲೆ ನಿಧಾನಕ್ಕೆ ನಿಂತಿತು. ಆಮೇಲೆ ಕತ್ತು ಎತ್ತಿದರೆ ಸುತ್ತು, ಬಗ್ಗಿಸಿದರೆ ಸುತ್ತು, ಹಿಂತಿರುಗಿದರೆ ಸುತ್ತು. ಬುದ್ಧಿವಂತೆ ನಮ್ಮ ದೊಡ್ಡವ್ವ, ಕತ್ತು ಆಡಿಸುವುದನ್ನೇ ಬಿಟ್ಟುಬಿಟ್ಟಳು. ಗಲ್ಲ ಮೇಲೆ, ನೋಟ ನೇರ, ಅಕ್ಕಪಕ್ಕ ಇಲ್ಲ.

ಪಕ್ಕದ ಮನೆಯ ಸಾಕಮ್ಮ ಅವಳ ಜೀವದ ಗೆಳತಿ. ನಲ್ಲಿಯಿಂದ ಬರುವಾಗ ಸಾಕಮ್ಮ ಹಿಂದಿನಿಂದ "ಅಕ್ಕಾ, ಅಕ್ಕೋ!" ಎಂದು ಕೂಗಿದಳು. ದೊಡ್ಡವ್ವ ತಿರುಗಬೇಕಾದರೆ ಮಾಗಡಿ ಬಸ್ಸು ಸ್ಟ್ಯಾಂಡಿನಲ್ಲಿ ತಿರುಗಿದ ಹಾಗೆ ಇಡೀ ದೇಹವನ್ನೇ ಹಿಂದೆ ಮುಂದೆ ಮಾಡಿ ತಿರುಗಿಸಬೇಕಿತ್ತು. ಅಷ್ಟರಲ್ಲಿ ಸಾಕಮ್ಮ ಮುಖ ಊದಿಸಿಕೊಂಡು ಮನೆ ಸೇರಿದ್ದಳು. ಮಾರನೆಯ ದಿನ ನಲ್ಲಿಯ ಹತ್ತಿರ ತೀರ್ಪಾಯಿತು: "ಮಗಂಗೆ ಪರ್ಮಿಂಟ್ ಆಯ್ತಲ್ಲ, ಅದ್ಕೇ ತಲೆ ತಿರುಗೈತೆ. ಕೂಗಿದ್ರೂ ತಿರುಗಿ ನೋಡಾಕಿಲ್ಲ, ಕತ್ತು ಕಂಬ ಆಗೈತೆ."

"ತಲೆ ಸುತ್ತು ಬರುತ್ತೆ ಅಂತ ಹೇಳಿಬಿಡು ದೊಡ್ಡವ್ವ" ಎಂದು ನಾನು ಗೋಗರೆದೆ.

"ಯಾರಿಗ್ಲಾ ಸುತ್ತು? ನಾನ್ ನೆಟ್ಟಗೇ ಇವ್ನಿ. ಮನೆ ಸುತ್ತುತೈತೆ. ನಿಮ್ ಫ್ಯಾಕ್ಟ್ರಿ ಮಿಷನ್ ತಿರುಗಿ ತಿರುಗಿ ಇಲ್ಲಿ ಭೂಮಿ ತಿರುಗ್ತೈತೆ. ಒಸಿ ನಿದಾನಕ್ಕೆ ಓಡ್ಸಿ ಅಂತ ನಿಮ್ ಸಾಹೇಬ್ರಿಗೆ ಹೇಳು."

"ಬಿಡದಿಗೂ ನಮಗೂ ನಡುವೆ ರಾಮನಗರ, ಚನ್ನಪಟ್ಟಣ ಎರಡೂ ಇವೆಯಲ್ಲ, ಅಲ್ಲಿ ಯಾರಿಗೂ ತಿರುಗ್ತಿಲ್ವಲ್ಲ?"

"ಅವು ದೊಡ್ಡೂರು. ಭಾರ ಜಾಸ್ತಿ. ಅಲ್ಲಾಡಾಕಿಲ್ಲ."

ಇಂಥ ಭೂಗೋಳವನ್ನು ನಮ್ಮ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಅವಳು ಏನು ಬೇಕಾದರೂ ಹೇಳುತ್ತಿದ್ದಳು, 'ತಲೆ ಸುತ್ತು' ಎನ್ನುವುದನ್ನು ಮಾತ್ರ ನಾಲಿಗೆಯ ಮೇಲೆ ತರುತ್ತಿರಲಿಲ್ಲ, ನಾವೂ ಹೊರಗೆ ಹೇಳದಂತೆ ಆಣೆ ಹಾಕಿಸಿಕೊಂಡಿದ್ದಳು. ಯಾಕೆಂದು ನನಗೆ ಆಗ ತಿಳಿದಿರಲಿಲ್ಲ.

ಡಾಕ್ಟರ ಮುಂದೆಯಾದರೂ ಬಾಯಿ ಬಿಡುತ್ತಾಳೆಂದು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ.

"ಏನಮ್ಮ ತೊಂದರೆ?"

"ನಂಗೇನಿಲ್ಲ ಸ್ವಾಮಿ. ಗೋಡೆ ನಿಲ್ಲಾಕಿಲ್ಲ."

"ಅದಕ್ಕೆ ಮೇಸ್ತ್ರಿ ಬೇಕಲ್ಲಮ್ಮ!" ಎಂದು ಅವರು ನನ್ನ ಕಡೆ ನೋಡಿದರು. "ಇವನು ಮಗನಾ?"

"ಮೈದುನನ ಮಗ."

ಕಾಯಿಲೆ ಮುಚ್ಚಿಟ್ಟರೂ ನೆಂಟಸ್ತಿಕೆಯನ್ನು ಮುಚ್ಚಿಡಲಿಲ್ಲ ಪುಣ್ಯಾತ್ಮೆ! ಅವರು ಬಿ.ಪಿ. ಕಡಿಮೆ ಇದೆ, ಉಪ್ಪು ತಿನ್ನಿ ಎಂದರು. ಇನ್ನೊಬ್ಬರು ಬಿ.ಪಿ. ಜಾಸ್ತಿ, ಉಪ್ಪು ಬಿಡಿ ಎಂದರು. ದೊಡ್ಡವ್ವ ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಬೆಳಗ್ಗೆ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿ, ಸಂಜೆ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಿದ್ದಳು. ನಡುವೆ ದೊಡ್ಡಪ್ಪ "ಪಿತ್ತ ನೆತ್ತಿಗೇರೈತೆ" ಎಂದು ನಿಂಬೆಹಣ್ಣು, ಶುಂಠಿ ಹಿಂಡಿ ಕುಡಿಸುತ್ತಿದ್ದ. ಮೂರನೆಯವರು ಕತ್ತಿನ ಮೂಳೆ ಸವೆದಿದೆಯೆಂದು ಕೊರಳಿಗೆ ದಪ್ಪನೆಯ ಬಿಳಿ ಪಟ್ಟಿ ಕಟ್ಟಿ ಕಳಿಸಿದರು. ಅದಕ್ಕೆ ಕಾಲರ್ ಎನ್ನುತ್ತಾರಂತೆ.

ಅಯ್ಯೋ ದೇವರೇ, ಅದೊಂದು ಬಾಕಿಯಿತ್ತು! ಮೊದಲೇ ಎತ್ತಿದ್ದ ಗಲ್ಲ ಇನ್ನೂ ನಾಲ್ಕು ಬೆರಳು ಮೇಲಕ್ಕೆ ಹೋಯಿತು. "ಕಾಲರ್ ಎತ್ಕಂಡ್ ಓಡಾಡೋದು ಅಂದ್ರೆ ಇದೇಯಾ ನೋಡ್ಲಾ" ಎಂದು ಅರಳಿಕಟ್ಟೆಯ ಮೇಲೆ ಕೂತವರು ನಕ್ಕರು. ಅವಳು ತಲೆ ತಗ್ಗಿಸುವಂತಿರಲಿಲ್ಲ. ನಾನು ತಲೆ ಎತ್ತುವಂತಿರಲಿಲ್ಲ.

ನಗುವುದೇನೋ ಸುಲಭ. ಆದರೆ ಮನೆಯೊಳಗಿನ ಪಾಡು ಬೇರೆ. ದೊಡ್ಡವ್ವ ಮಲಗುವುದಕ್ಕೇ ಹೆದರಿ ಗೋಡೆಗೊರಗಿ ಕೂತು ನಿದ್ದೆ ಮಾಡುತ್ತಿದ್ದಳು. ನಲ್ಲಿಗೆ ಹೋಗುವುದನ್ನು ಬಿಟ್ಟಳು. ಸಾಕಮ್ಮ ಬರುವುದನ್ನು ಬಿಟ್ಟಳು. ದಿನಾ ಹರಟೆ ನಡೆಯುತ್ತಿದ್ದ ಜಗಲಿಯಲ್ಲಿ ಕೋಳಿ ಮಲಗತೊಡಗಿದವು. ಒಂದು ದಿನ ನಾನು ಕೆಲಸಕ್ಕೆ ಹೊರಟಾಗ, "ಹಿಂಗೇ ಸುತ್ಕಂಡ್ ಸುತ್ಕಂಡ್ ಒಂದಿನ ಹೋಗ್ಬುಡ್ತೀನಿ ಕಣ್ ಮಗ. ಯಾರೂ ನೋಡಾಕೂ ಬರಾಕಿಲ್ಲ" ಎಂದಳು. ಅವತ್ತು ನಾನು ಬಿಗಿದ ಬೋಲ್ಟುಗಳ ಗತಿ ದೇವರಿಗೇ ಗೊತ್ತು.

ಇಷ್ಟೂ ಸಾಲದೆಂಬಂತೆ ಮನೆಯಲ್ಲಿ ರೇಷ್ಮೆ ಹುಳು ಇದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ದಾರಿಯಲ್ಲಿ ಹೋಗುವವರೆಲ್ಲ "ಎಷ್ಟ್ನೇ ಜ್ವರ?" ಎಂದು ವಿಚಾರಿಸುತ್ತಾರೆ. ದೊಡ್ಡಪ್ಪನನ್ನು ತಡೆದು ಹುಳುವಿನ ಜ್ವರ ಕೇಳಿದ ಬೀದಿ ದೊಡ್ಡವ್ವನ ಸುದ್ದಿ ಕೇಳಲಿಲ್ಲ. ನಾಲ್ಕು ಜ್ವರ ಎದ್ದ ಮೇಲೆ ಹುಳು ಹಣ್ಣಾಗುತ್ತವೆ. ಹಣ್ಣಾದವೆಂದರೆ ಮುಗಿಯಿತು, ಅವತ್ತೇ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ಮನೆಯ ಕೈಗೆ ಅದು ಮುಗಿಯುವ ಕೆಲಸವಲ್ಲ. ಅದಕ್ಕೇ ಮುಯ್ಯಿ: ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಕರೆಯಬೇಕಾದವಳು ಮನೆಯ ಹೆಂಗಸು. ಹಿಂದೆಲ್ಲ ದೊಡ್ಡವ್ವ ಒಂದು ಕೂಗು ಹಾಕಿದರೆ ಬೀದಿಯೇ ಎದ್ದು ಬರುತ್ತಿತ್ತು. ಈಗ ಯಾರು ಬರುತ್ತಾರೆ? ನನಗೂ ದೊಡ್ಡಪ್ಪನಿಗೂ ಇದೊಂದೇ ಯೋಚನೆಯಾಗಿತ್ತು.

ಹುಳು ಹಣ್ಣಾದವು. ದೊಡ್ಡವ್ವ ಕೊರಳ ಪಟ್ಟಿ ಬಿಚ್ಚಿಟ್ಟು, ಜಗಲಿಯಲ್ಲಿ ನಿಂತು, "ಹುಳ ಹಣ್ಣಾದ್ವು, ಬನ್ರವ್ವಾ!" ಎಂದು ಕೂಗಿದಳು. ನೇರ ಮುಂದಕ್ಕೆ ನೋಡುತ್ತ ಕೂಗಿದಳು, ಪಾಪ. ಎಡಬಲದ ಮನೆಗಳಿಗೆ ಅದೂ ಧಿಮಾಕಾಗಿಯೇ ಕಂಡಿತು. ದೊಡ್ಡಪ್ಪ ಮನೆಮನೆಗೆ ಹೋಗಿ, "ನಮ್ ಕೈ ಯಾಕ್ ಬೇಕು? ಫ್ಯಾಕ್ಟ್ರಿಯಿಂದ ಜನ ಕರೆಸ್ಕಳಿ" ಎಂಬ ಉತ್ತರ ಹೊತ್ತುಕೊಂಡು ಬಂದ.

ನಾನು ಶಿಫ್ಟು ಮುಗಿಸಿ ಸಂಜೆ ಬಾಗಿಲಿಗೆ ಬರುವುದಕ್ಕೂ ಒಳಗೆ ದಡಾರನೆ ಸದ್ದಾಗುವುದಕ್ಕೂ ಸರಿಹೋಯಿತು. ಮೇಲಿನ ಸಾಲಿನ ಹುಳುವಿನ ತಟ್ಟೆ ಇಳಿಸಲೆಂದು ದೊಡ್ಡವ್ವ ಕತ್ತು ಎತ್ತಿದ್ದಳು. ತಟ್ಟೆಯೂ ಅವಳೂ ಒಟ್ಟಿಗೇ ಬಿದ್ದಿದ್ದರು. ನೆಲದ ತುಂಬ ಹುಳು. ಅದರ ನಡುವೆ ಅವಳು ಕಣ್ಣು ಮುಚ್ಚಿ ಕಂಬವನ್ನು ತಬ್ಬಿಕೊಂಡು, "ಮನೆ ಹಿಡ್ಕಳಿ, ಮನೆ ಹಿಡ್ಕಳಿ" ಎನ್ನುತ್ತಿದ್ದಳು. ಆರಿಸದೆ ಉಳಿದ ಹುಳು ಕಸಕಡ್ಡಿಯಲ್ಲೇ ನೂಲು ಬಿಡಲು ಶುರುಮಾಡಿದ್ದವು. ಹಣ್ಣು ಹುಳು ಹಗಲೂ ರಾತ್ರಿ ತಲೆ ತಿರುಗಿಸುತ್ತಲೇ ಗೂಡು ಕಟ್ಟುತ್ತದೆ. ಅದಕ್ಕೆ ಯಾರೂ ಕೊಬ್ಬು ಎನ್ನುವುದಿಲ್ಲ. ಬೆಳೆ ಕೈಬಿಟ್ಟಿತ್ತು. ದೊಡ್ಡಪ್ಪ ಹೊಸಿಲ ಮೇಲೆ ಕುಸಿದು ಕೂತ. ನನಗೆ ಯಾರನ್ನು ಎತ್ತಬೇಕೆಂದೇ ತಿಳಿಯಲಿಲ್ಲ.

ಸದ್ದು ಕೇಳಿ ಓಡಿಬಂದವಳು ಸಾಕಮ್ಮ. ಕಂಬ ತಬ್ಬಿದ ಕೈ ನೋಡಿದಳು, ಬೆವೆತ ಮುಖ ನೋಡಿದಳು.

"ಅಕ್ಕಾ! ತಲೆ ಸುತ್ತೇನಕ್ಕಾ?"

"ಅನ್ಬ್ಯಾಡ ಕಣಮ್ಮಿ ಆ ಮಾತ" ಎಂದು ದೊಡ್ಡವ್ವ ಬಿಕ್ಕಿದಳು. ಸಾಕಮ್ಮ ಹುಳುಗಳ ನಡುವೆಯೇ ಕೂತು, ಆ ತಲೆಯನ್ನು ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಮೇಲೆ ಉಳಿದ ಹುಳು ಆರಿಸುತ್ತ ಸಾಕಮ್ಮ ನನಗೆ ಹೇಳಿದ್ದು ಇದು. ದೊಡ್ಡವ್ವನಿಗೆ ಮದುವೆಯಾಗಿ ಕೆಲವು ವರ್ಷವಾಗಿದ್ದಾಗ ಹಿಪ್ಪುನೇರಳೆ ತೋಟದಲ್ಲಿ ತಲೆ ಸುತ್ತು ಬಂದು ಕೂತಳಂತೆ. ಮದುವೆಯಾದ ಹೆಣ್ಣಿಗೆ ತಲೆ ಸುತ್ತು ಬಂದರೆ ಊರು ಏನು ತಿಳಿಯುತ್ತದೆ? ವಿಶೇಷ! ಅವಳ ಅತ್ತೆ, ಅಂದರೆ ನಮ್ಮಜ್ಜಿ, ಬೀದಿಗೆಲ್ಲ ಸಕ್ಕರೆ ಹಂಚಿದಳು. ಕೊನೆಗೆ ನೋಡಿದರೆ ವಿಶೇಷವೂ ಇಲ್ಲ ಏನೂ ಇಲ್ಲ, ಬರೀ ರಕ್ತ ಕಡಿಮೆ.

"ಸಕ್ರೆ ತಿಂದೋರ್ಗೆಲ್ಲ ನೀನೇ ಹೋಗಿ ಹೇಳ್ಬುಟ್ ಬಾ ಅಂತ ಕಳ್ಸುದ್ಲು ಕಣಪ್ಪ ನಿಮ್ಮಜ್ಜಿ" ಎಂದಳು ಸಾಕಮ್ಮ. "ಒಂದೊಂದ್ ಬಾಗ್ಲಲ್ಲೂ ನಿಂತ್ಕಂಡು, 'ಇಸೇಸ ಇಲ್ಲ, ಬರೀ ತಲೆ ಸುತ್ತು' ಅಂತ ಹೇಳ್ತು ಅಕ್ಕ. ನಮ್ಮನೇಗೂ ಬಂದಿತ್ತು. ನಾನಿನ್ನೂ ಚಿಕ್ಕೋಳು, ನಕ್ಬುಟ್ಟೆ."

ಕೊಬ್ಬಿದವಳೆಂದು ಕರೆಸಿಕೊಂಡರೂ ಸರಿ, ಬೆಳೆ ಹೋದರೂ ಸರಿ, ಆ ಮಾತನ್ನು ಇನ್ನೊಮ್ಮೆ ಆಡಲಾರದೆ ಅವಳು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದಳು. ಅಜ್ಜಿಯ ಜೊತೆ ಜಗಳ ತೆಗೆಯೋಣ ಎನಿಸಿತು. ಅಜ್ಜಿಯೇನೋ ಎಂದೋ ತೀರಿಕೊಂಡಿದ್ದಳು, ಅವಳ ಫೋಟೋ ಗೋಡೆಯ ಮೇಲಿತ್ತು. ದೊಡ್ಡವ್ವನಿಗೆ ಗೋಡೆ ತಿರುಗುವಾಗ ಅಜ್ಜಿಯೂ ಜೊತೆಗೆ ತಿರುಗಿರಬೇಕು. ಅಷ್ಟಾದರೂ ಆಗಲಿ!

ಮಾರನೆಯ ದಿನ ರಾಮನಗರದ ಕಿವಿ ಡಾಕ್ಟರ ಹತ್ತಿರ ಹೋದೆವು. ಸಾಕಮ್ಮನೂ ಬಂದಳು. ದೊಡ್ಡವ್ವ 'ಗೋಡೆ' ಎಂದು ಶುರುಮಾಡುವಷ್ಟರಲ್ಲಿ ಇವಳೇ "ತಲೆ ಸುತ್ತು ಡಾಕ್ಟ್ರೇ!" ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಕೂಗಿದಳು. ಮಲಗಿದಾಗ, ಮಗ್ಗುಲಾದಾಗ, ಕತ್ತು ಎತ್ತಿದಾಗ ಬರುತ್ತದೆಯೇ, ಒಂದು ಗಳಿಗೆ ಇದ್ದು ಹೋಗುತ್ತದೆಯೇ ಎಂದು ಅವರು ಕೇಳಿದರು. ಕಿವಿಯೊಳಗೆ ಸಣ್ಣ ಹರಳುಗಳಿರುತ್ತವೆ, ಅವು ಜಾಗ ಬಿಟ್ಟು ಕದಲಿವೆ, ಅಷ್ಟೇ ಎಂದರು.

"ಹರಳು ಮೂಗಿನಾಗಲ್ವಾ ಸ್ವಾಮಿ ಇರೋದು?" ಎಂದು ದೊಡ್ಡವ್ವ ಮೂಗುಬೊಟ್ಟು ಮುಟ್ಟಿಕೊಂಡಳು.

ಅವರು ಅವಳನ್ನು ಥಟ್ಟನೆ ಮಲಗಿಸಿ, ತಲೆಯನ್ನು ಒಂದು ಕಡೆ ತಿರುಗಿಸಿ ಹಿಡಿದು, ಮತ್ತೊಂದು ಕಡೆ ತಿರುಗಿಸಿ ಹಿಡಿದು, ಪೂರ್ತಿ ಮಗ್ಗುಲಾಗಿಸಿ, ಎಬ್ಬಿಸಿ ಕೂರಿಸಿದರು. ನಡುವೆ "ಆಸ್ಪತ್ರೆ ಹಿಡ್ಕಳಿ!" ಎಂದು ಅವಳು ಕಿರುಚಿದ್ದು ಹೊರಗಿನ ಸಾಲಿನಲ್ಲಿದ್ದ ಕೆಲವರನ್ನು ಮನೆಗೆ ಕಳಿಸಿತು. ಆದರೆ ಎದ್ದು ಕೂತಾಗ ಗೋಡೆ ನಿಂತಿತ್ತು! ತಿರುಗಿದ ತಲೆಗೆ ಮದ್ದು ತಲೆ ತಿರುಗಿಸುವುದೇ ಎಂದರೆ ಯಾರು ನಂಬುತ್ತಾರೆ? ನಿದ್ದೆಯಿಂದ ಎದ್ದ ಕೂಡಲೇ ದಡಬಡಿಸಬೇಡಿ, ಒಂದಿಷ್ಟು ಹೊತ್ತು ಕೂತು ಏಳಿ, ಸುತ್ತು ಬಂದರೆ ಅಲ್ಲೇ ಕೂತು ಒಂದೇ ಕಡೆ ನೋಡುತ್ತಿರಿ, ಒಬ್ಬರೇ ಅಟ್ಟ ಹತ್ತಬೇಡಿ ಎಂದರು. ಇದು ಮತ್ತೆ ಬಂದರೂ ಬರಬಹುದು, ಬಂದರೆ ಬನ್ನಿ, ಮತ್ತೆ ತಿರುಗಿಸೋಣ. ಆದರೆ ಮಾತು ತೊದಲಿದರೆ, ಕೈಕಾಲು ಸೋತರೆ, ಅದು ಬೇರೆ ಕಾಯಿಲೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಓಡಿ ಎಂದು ನನಗೆ ಬೇರೆಯಾಗಿ ಹೇಳಿದರು. ಕೊರಳ ಪಟ್ಟಿ ಬೇಡವೇ ಬೇಡ ಎಂದರು. ಅದನ್ನೀಗ ದೊಡ್ಡಪ್ಪ ಸೈಕಲ್ ಸೀಟಿಗೆ ಸುತ್ತಿಕೊಂಡಿದ್ದಾನೆ.

ಮನೆಗೆ ಬಂದವಳು ಮಲಗುತ್ತಾಳೆ ಎಂದುಕೊಂಡೆ. ಹಾಳಾದ ಗೂಡನ್ನು ದೊಡ್ಡಪ್ಪ ತಿಪ್ಪೆಗೆ ಸುರಿದು ಬಂದಿದ್ದ. ಅದನ್ನು ನೋಡಿ ದೊಡ್ಡವ್ವ ಸೀದಾ ಒಳಗೆ ಹೋದಳು. ಸಕ್ಕರೆ ಡಬ್ಬ ತೆಗೆದು ತಟ್ಟೆಗೆ ಸುರಿದು ನನ್ನ ಕೈಗೆ ಕೊಟ್ಟಳು.

"ಬಾ."

ಒಂದೊಂದೇ ಬಾಗಿಲು. ಅವವೇ ಮನೆಗಳು. ಪ್ರತಿ ಹೊಸಿಲಿನಲ್ಲೂ ನಿಂತು, "ತಲೆ ಸುತ್ತು ಬಂದಿತ್ತು ಕಣ್ರವ್ವ, ಅದ್ಕೇ ತಿರುಗಿ ನೋಡ್ನಿಲ್ಲ. ಸಕ್ರೆ ತಕ್ಕಳಿ" ಎಂದಳು. ಒಬ್ಬೊಬ್ಬರೂ ಕೈಯೊಡ್ಡಿ ತೆಗೆದುಕೊಂಡರು. ಯಾರು ಏನು ಹೇಳಿದರೂ ಹೋದ ಬೆಳೆ ಬರುತ್ತಿರಲಿಲ್ಲ, ಹೋದ ಆ ದಿನಗಳೂ ಬರುತ್ತಿರಲಿಲ್ಲ.

ಕೊನೆಯ ಮನೆಯಲ್ಲಿ ಬೀದಿಯ ಸೊಸೆಯರೆಲ್ಲ ಅತ್ತೆ ಎಂದು ಕರೆಯುವ ಹಿರಿಯ ಮುದುಕಿ, ಕಿವಿ ಮಂದ. ಅಂದಿನ ಸಕ್ಕರೆಯನ್ನೂ ತಿಂದವಳು. ತಟ್ಟೆ ನೋಡಿ ಬೊಚ್ಚು ಬಾಯಗಲಿಸಿ ಕೇಳಿದಳು:

"ಸಕ್ರೆ ಯಾಕಮ್ಮಿ? ಏನ್ ಇಸೇಸ?"

ಯಾರನ್ನು ಹೇಗೆ ತಡೆಯಲಿ? ದೊಡ್ಡವ್ವ ಮುದುಕಿಯ ಕಿವಿಯ ಹತ್ತಿರ ಬಗ್ಗಿದಳು. ಹೌದು, ಕತ್ತು ಬಗ್ಗಿಸಿಯೇ ಬಗ್ಗಿದಳು.

"ಇಸೇಸನೇ ಕಣತ್ತೆ" ಎಂದಳು ಗಟ್ಟಿಯಾಗಿ. "ನಂಗೆ ತಲೆ ಸುತ್ತು ಬಂದಿತ್ತು. ನನ್ಮಗ ಆಸ್ಪತ್ರೆಗೆ ಕರ್ಕಂಡೋಗಿ ವಾಸಿ ಮಾಡಿಸ್ದ."

ಆಮೇಲೆ ಇಡೀ ದೇಹವನ್ನಲ್ಲ, ಕತ್ತನ್ನಷ್ಟೇ ತಿರುಗಿಸಿ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

"ಯಾಕ್ ಮಗ ಅಳ್ತೀಯ? ಸಕ್ರೆ ಕೊಡು ಅತ್ತೆಗೆ."