ಚಾಮಯ್ಯ ಗೌರ್ನರ್ ಕೀಳಿಸಿದ್ದು

ಹೆಂಡತಿಯ ಕಣ್ಣೆದುರೇ ಭಾವಮೈದ ಓವರ್‌ಟೇಕ್ ಮಾಡಿಕೊಂಡು ಹೋದರೆ ಯಾವ ಗಂಡಸು ತಾನೆ ಸುಮ್ಮನಿದ್ದಾನು?

ಮಿರ್ಲೆಯ ಚಾಮಯ್ಯ ಹದಿನಾರು ಚಕ್ರದ ಲಾರಿಯ ಡ್ರೈವರ್. ಮೂವತ್ತು ವರ್ಷದ ಸರ್ವೀಸು. ಅವತ್ತು ಬೆಳಿಗ್ಗೆ ಎಚ್.ಡಿ. ಕೋಟೆಯಲ್ಲಿ ಮುಸುಕಿನ ಜೋಳ ತುಂಬಿಸಿಕೊಂಡು ಕೆ.ಆರ್. ನಗರದ ಗೋಡೌನಿಗೆ ಹೊರಟಿದ್ದ. ತವರಿಗೆ ಬಂದಿದ್ದ ಹೆಂಡತಿ ಸಣ್ಣತಾಯಮ್ಮನನ್ನೂ ಜೊತೆಗೆ ಕರೆದೊಯ್ಯೋಣವೆಂದು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿದ. ಅವಳು ಲಾರಿಯನ್ನು ಕೆಳಗಿಂದ ಮೇಲಕ್ಕೆ ನೋಡಿ, “ನಿಮ್ ಜೊತೆ ಬಂದ್ರೆ ಇವತ್ತಿನ ಊಟಕ್ಕೆ ನಾಳೆ ತಲುಪ್ತೀನಿ. ನಾನು ನಟರಾಜು ಬಸ್ಸಲ್ಲಿ ಓಯ್ತೀನಿ ಬುಡಿ,” ಎಂದು ತನ್ನ ತಮ್ಮ ನಟರಾಜು ಓಡಿಸುವ ಕೆಂಪು ಬಸ್ಸನ್ನು ಹತ್ತಿಬಿಟ್ಟಳು.

ಹತ್ತು ಕಿಲೋಮೀಟರ್ ಕಳೆಯುವುದರೊಳಗೆ ಆ ಬಸ್ಸು ಹಾರನ್ ಹೊಡೆದುಕೊಂಡು ಲಾರಿಯನ್ನು ಹಿಂದೆ ಹಾಕಿತು. ದಾರಿ ಬದಿ ನಿಂತ ಎಮ್ಮೆಗೆ ದಿಬ್ಬಣದವರು ಕೈ ಬೀಸುವಂತೆ ಸಣ್ಣತಾಯಮ್ಮ ಕಿಟಕಿಯಿಂದ ಕೈ ಬೀಸಿದಳು.

ಹುಣಸೂರು ಸೇರುವ ಹೊತ್ತಿಗೆ ಚಾಮಯ್ಯನ ಮುಖ ಬೇಯಿಸಿದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಮಾಯಮ್ಮನ ಟೀ ಅಂಗಡಿಯ ಬೆಂಚಿನ ಮೇಲೆ ಕೂತವನೇ ಶುರು ಮಾಡಿದ.

“ಎಲ್ಲಾ ಆ ಡಬ್ಬದ್ದೇ ಕಿತಾಪತಿ ಕಣ್ರೀ! ಗೌರ್ನರ್ ಅಂತೆ ಗೌರ್ನರ್! ಲಾರಿ ಸ್ಪೀಡು ಎಂಬತ್ತು ದಾಟದಂಗೆ ಕಟ್ಟಾಕವ್ರೆ. ಅದಿಲ್ದಿದ್ರೆ ನನ್ ಲಾರಿ ನೂರಿಪ್ಪತ್ತು ಆರ್ತಿತ್ತು.”

ಪಕ್ಕದಲ್ಲಿದ್ದ ರಿಟೈರಾದ ವಿಜ್ಞಾನದ ಮೇಷ್ಟ್ರು ರುದ್ರಸ್ವಾಮಿಗಳು ಲೋಟ ಕೆಳಗಿಟ್ಟರು. “ಚಾಮಯ್ಯನೋರೆ, ವೇಗ ಎರಡರಷ್ಟಾದ್ರೆ ನಿಲ್ಲೋಕೆ ಬೇಕಾದ ದೂರ ನಾಲ್ಕರಷ್ಟಾಗುತ್ತೆ. ನಲವತ್ತು ಟನ್ನು ಬ್ರೇಕ್ ಒತ್ತಿದ ತಕ್ಷಣ ನಿಲ್ಲುತ್ತಾ? ನನ್ನ ಕೇಳಿದ್ರೆ ಎಂಬತ್ತೇ ಜಾಸ್ತಿ.”

“ಮೇಷ್ಟ್ರೆ, ನೀವು ಬೋರ್ಡ್ ಮೇಲೆ ಓಡಿಸೋರು, ನಾನು ರೋಡ್ ಮೇಲೆ ಓಡಿಸೋನು. ಮುಂದಿನ ಲಾರಿ ಎಪ್ಪತ್ತೆಂಟಲ್ಲಿ ಓಯ್ತಿರ್ತದೆ, ನಂದು ಎಂಬತ್ತಲ್ಲಿ. ದಾಟೋಕೋದ್ರೆ ಒಂದ್ ಮೈಲಿ ಜೋಡೆತ್ತಿನಂಗೆ ಪಕ್ಕಪಕ್ಕಾನೇ ಓಗ್ಬೇಕು. ಎದುರುಗಡೆ ಗಾಡಿ ಬಂದ್ರೆ ಗೌರ್ನರ್ ಬಂದು ಕಾಪಾಡ್ತಾನಾ?”

ಅಂಗಡಿ ಎರಡು ಪಕ್ಷವಾಯಿತು. ಬೆಂಚಿನ ಮೇಲಿದ್ದವರು ಮೇಷ್ಟ್ರ ಕಡೆ, ನಿಂತವರು ಚಾಮಯ್ಯನ ಕಡೆ. ಮಾಯಮ್ಮ ಮಾತ್ರ ಟೀ ಸೋಸುತ್ತಾ, “ಮೊದ್ಲು ಎಂಬತ್ತು ಮುಟ್ಟಣ್ಣ, ಆಮೇಲೆ ನೂರಿಪ್ಪತ್ತು ನೋಡವ,” ಎಂದಳು. ಎಲ್ಲರೂ ನಕ್ಕರು.

ಆ ನಗು ಚಾಮಯ್ಯನ ಎದೆಗೆ ತಾಗಿತು. ಎದ್ದವನೇ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಪುಟ್ಟಸ್ವಾಮಿಯನ್ನು ಎಳೆದು ತಂದ.

“ಬಿಚ್ಚಲಾ ಡಬ್ಬಾನ!”

“ತಪ್ಪಲ್ವಾ ಚಾಮಣ್ಣ? ಸಾವ್ಕಾರ್ರು ಬೈತಾರೆ.”

“ಬೈದ್ರೆ ಬೈಸ್ಕೋತೀನಿ. ಬಿಚ್ಚು.”

ಪುಟ್ಟಸ್ವಾಮಿ ಡಬ್ಬ ಬಿಚ್ಚಿ ಒಳಗೆ ಇಣುಕಿದ. ಚಾಮಯ್ಯನ ಮುಖ ನೋಡಿದ. ಮತ್ತೊಮ್ಮೆ ಇಣುಕಿದ. ಕೆಮ್ಮು ಬಂದವನಂತೆ ಬಾಯಿಗೆ ಟವೆಲ್ ಒತ್ತಿಕೊಂಡು, “ಓಗ್ಬನ್ನಿ ಚಾಮಣ್ಣ. ಇನ್ನು ನಿಮ್ಮನ್ನ ತಡೆಯೋರು ಯಾರೂ ಇಲ್ಲ,” ಎಂದ. ಲಾರಿ ಹೊರಟಿದ್ದೇ ತಡ, ಜೇಬಿನಿಂದ ಫೋನ್ ತೆಗೆದ.

ನಟರಾಜುವಿನ ಬಸ್ಸು ಇನ್ನೂ ಹುಣಸೂರು ಸ್ಟ್ಯಾಂಡಿನಲ್ಲೇ ಇತ್ತು. ಅದಕ್ಕಿಂತ ಮೊದಲೇ ಕೆ.ಆರ್. ನಗರ ರಸ್ತೆ ಹಿಡಿದ ಚಾಮಯ್ಯ ಮೀಸೆ ತಿರುವಿ ಆಕ್ಸಿಲರೇಟರ್ ತುಳಿದ. ಗಾಳಿ ಭರ್ರೆಂದಿತು. ಪಟ್ಟದ ಆನೆಯ ಮೇಲೆ ಕೂತಂತಾಯಿತು ಅವನಿಗೆ. ನೂರು ದಾಟಿರಬೇಕೆಂದು ಸ್ಪೀಡೋಮೀಟರಿನ ಮುಳ್ಳಿನ ಕಡೆ ನೋಡಿದ. ಐವತ್ತೆಂಟು.

ಇನ್ನಷ್ಟು ತುಳಿಯುವಷ್ಟರಲ್ಲಿ ರಸ್ತೆ ಮೇಲೆ ಹುರುಳಿ ಹರಡಿದ್ದರು. ಅವನು ಹೇಳದೆಯೇ ಕಾಲು ಬ್ರೇಕಿಗೆ ಹೋಯಿತು. ಮುಂದೆ ಕುರಿಮಂದೆ. ಅದು ದಾಟಿದರೆ ಶಾಲೆ. ಶಾಲೆ ದಾಟಿದ ಮೇಲೆ ನೆಟ್ಟಗೆ ಖಾಲಿ ರಸ್ತೆ ಸಿಕ್ಕಿತು. ಮುಳ್ಳು ಅರವತ್ತು ಮುಟ್ಟಿತು, ಅರವತ್ತೊಂದು... ದೂರದಲ್ಲಿ ಒಬ್ಬಳು ಮುದುಕಿ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತಿದ್ದಳು. ಚಾಮಯ್ಯ ಪೂರಾ ನಿಲ್ಲಿಸಿ, “ದಾಟವ್ವ,” ಎಂದ.

“ನಾನ್ ಯಾಕ್ ದಾಟ್ಲಿ? ಬಸ್ಸಿಗೆ ನಿಂತಿವ್ನಿ.”

ಆ ಬಸ್ಸು ಬಂದೇ ಬಂತು. ಮುದುಕಿಯನ್ನು ಹತ್ತಿಸಿಕೊಂಡು, ಲಾರಿಯನ್ನು ಸುತ್ತಿಕೊಂಡು ಹೊರಟಿತು. ಸುದ್ದಿ ಅಷ್ಟರಲ್ಲಿ ಬಸ್ಸಿಗೆಲ್ಲ ಹಬ್ಬಿತ್ತು, ಕಿಟಕಿಗೊಂದು ತಲೆ ಹೊರಗಿತ್ತು. ಸಣ್ಣತಾಯಮ್ಮ ಕೂಗಿದಳು: “ಏನ್ರೀ, ಡಬ್ಬ ಕೀಳ್ಸಿದ್ರಂತೆ? ಬೇಗ ಬನ್ನಿ ಮತ್ತೆ!”

ಗೋಡೌನಿನ ಬಾಗಿಲಲ್ಲಿ ಲಾರಿ ಮಾಲೀಕ ರೇಣುಕಾಪ್ರಸಾದ್ ನಿಂತಿದ್ದರು. ಅವರ ಉಳಿದ ಐದು ಲಾರಿಗಳ ಡ್ರೈವರುಗಳೂ ಸುತ್ತ ಸೇರಿದ್ದರು. ಕೆಲಸ ಹೋಯಿತೆಂದುಕೊಂಡೇ ಚಾಮಯ್ಯ ಇಳಿದ.

“ತಪ್ಪಾಯ್ತು ಸಾವ್ಕಾರ್ರೆ. ಡಬ್ಬ ಕಿತ್ತಾಕ್ಸಿದೆ.”

“ಗೊತ್ತು, ಪುಟ್ಟಸ್ವಾಮಿ ಫೋನ್ ಮಾಡಿದ್ದ. ಅದರ ವೈರೆಲ್ಲ ಇಲಿ ಕಡಿದು ನಾಲ್ಕು ವರ್ಷನಾದ್ರೂ ಆಗಿದೆಯಂತೆ. ಅಂದ್ರೆ ಇಷ್ಟು ದಿನ ನಿಮ್ಮ ಲಾರಿಗೆ ಗೌರ್ನರೇ ಇರಲಿಲ್ಲ ಚಾಮಣ್ಣ!”

ಚಾಮಯ್ಯ ತನ್ನ ಬಲಗಾಲನ್ನು ನೋಡಿಕೊಂಡ.

“ಯಾವ ತಡೆಯೂ ಇಲ್ದೆ ಓಡ್ಸಿದ್ರೂ ಲಾರಿಗೊಂದು ಗೀರಿಲ್ಲ, ಒಂದು ಕೋಳಿ ಸತ್ತಿಲ್ಲ,” ಎಂದು ರೇಣುಕಾಪ್ರಸಾದ್ ಅವನ ಹೆಗಲ ಮೇಲೆ ಕೈಯಿಟ್ಟರು. “ಇವರು ನೋಡಿ, ಡಬ್ಬಕ್ಕೇ ಟೋಪಿ ಹಾಕೋ ಜನ. ಹೊಸ ಡಬ್ಬ ಎಲ್ಲಾ ಲಾರಿಗೂ ಹಾಕ್ಸೋಣ. ಅದರ ಜೊತೆಗೆ ನಾಳೆಯಿಂದ ಆರೂ ಲಾರಿ ಸಾಲಾಗಿ ಹೊರಡ್ಬೇಕು. ಮುಂದೆ ನೀವು. ನಿಮ್ಮನ್ನ ಯಾರೂ ದಾಟೋ ಹಾಗಿಲ್ಲ.”

ಐದೂ ಜನ ಸಾವಿನ ಮನೆಯಲ್ಲಿ ಕೂತವರಂತೆ ಮುಖ ಮಾಡಿದರು. ಅವರಲ್ಲಿ ಹಿರಿಯವನಾದ ಜವರಯ್ಯ ನಿಟ್ಟುಸಿರು ಬಿಟ್ಟ: “ಇನ್ಮೇಲೆ ಚಾಮಣ್ಣಾನೇ ನಮ್ ಗೌರ್ನರ್ ಕಣ್ರಪ್ಪೋ!”

ಈ ಮಾತು ಅವನಿಗಿಂತ ಮೊದಲೇ ಊರು ಸೇರಿತು. ಸಂಜೆ ಚಾಮಯ್ಯ ಮಿರ್ಲೆಯ ಬೀದಿಗೆ ಕಾಲಿಟ್ಟಾಗ ಜಗುಲಿಯ ಮೇಲೆ ಸಣ್ಣತಾಯಮ್ಮ ಪಕ್ಕದ ಮನೆಯ ನೀಲಾಂಬಿಕೆಗೆ ಹೇಳುತ್ತಿದ್ದಳು: “ನಮ್ಮನೆಯವರನ್ನ ಗೌರ್ನರ್ ಮಾಡವ್ರಂತೆ ಕಣಕ್ಕ! ಐದು ಗಾಡಿ ಹಿಂದಿಂದೇ ಬತ್ತವಂತೆ!”

“ರಾಜ್ಯಕ್ಕೇನಾ?”

“ಮತ್ತಿನ್ನೇನು!”

ಚಾಮಯ್ಯ ತಿದ್ದಲೆಂದು ಬಾಯಿ ತೆರೆದ. ಮೊದಲ ಸಲ ಹೆಂಡತಿಯ ಕಣ್ಣಲ್ಲಿ ಆ ಹೊಳಪು ಕಂಡು ಮುಚ್ಚಿಕೊಂಡ. ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಬೀದಿಯ ನಟ್ಟನಡುವೆ, ತನಗೆ ಗೊತ್ತಿದ್ದ ಒಂದೇ ವೇಗದಲ್ಲಿ ಮನೆ ಕಡೆ ನಡೆದ. ಹಿಂದೆ ಬರುತ್ತಿದ್ದವರು ಯಾರೂ ಅವನನ್ನು ದಾಟಲಿಲ್ಲ.