ಬೊಚ್ಚುಬಾಯಿ ಬೀದಿಯ ಹಲ್ಲಿನ ಡಾಕ್ಟರು

ಕ್ಲಿನಿಕ್ಕಿಗೆ ಹೊಸ ಬೋರ್ಡು ಬಂದ ದಿನವೇ ಹಲ್ಲಿನ ಡಾಕ್ಟರ ಮಾನ ಬೀದಿಗೆ ಬಂತು. ಬೋರ್ಡಿನಲ್ಲಿ ತಪ್ಪೇನೂ ಇರಲಿಲ್ಲ. ಮೇಲೆ ಅವರ ಪದವಿ, ನಡುವೆ ಮೂವತ್ತೆರಡೂ ಹಲ್ಲು ತೋರಿಸಿ ನಗುವ ಹೆಂಗಸು, ಅವಳ ಗಲ್ಲದ ಕೆಳಗೆ ದಪ್ಪಕ್ಷರದಲ್ಲಿ ವಿಳಾಸ: ಬೊಚ್ಚುಬಾಯಿ ಬೀದಿ.

ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಗತೊಡಗಿದರು. ಒಬ್ಬನಂತೂ, "ಒಳಗೆ ಹೋದೋರೆಲ್ಲ ಬೊಚ್ಚುಬಾಯಿ ಆಗೇ ಹೊರಗೆ ಬರ್ತಾರೇನೋ!" ಎಂದು ಕೂಗಿದ.

"ರೀ, ಒಂದೋ ಬೀದಿ ಹೆಸರು ಬದಲಾಗ್ಬೇಕು, ಇಲ್ಲಾ ನಿಮ್ಮ ಕಸುಬು," ಎಂದಳು ಹೆಂಡತಿ.

ಪಕ್ಕದ ಕಟಿಂಗ್ ಶಾಪಿನವನು ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಓಡಿಬಂದ. "ಡಾಕ್ಟ್ರೇ, ಸಂಜೆ ಕಾರ್ಪೊರೇಟರು ಬರ್ತಾರೆ. ಬೀದಿಗೆ ಹೊಸ ಹೆಸರಿಡೋ ಸಭೆ. ನಿಮ್ಮ ಮನೆ ಮಾಲೀಕರು ಆಗ್ಲೇ ಅವರಪ್ಪನ ಹೆಸರು ಕೊಟ್ಟಾಗಿದೆ. ಹಳೇ ಹೆಸರು ಅವಮಾನ ಅಂತ ನೀವೊಂದು ಮಾತು ಹೇಳಿದ್ರೆ ಮುಗೀತು. ಓದಿದೋರ ಮಾತು!"

"ಈ ಹೆಸರು ಬಂದದ್ದಾದ್ರೂ ಹೇಗಯ್ಯಾ?"

"ಮೂಲೆಮನೆ ಅಜ್ಜಿನ ಕೇಳಿ. ಏನೋ ನಾಚಿಕೆಗೇಡು ಕತೆ ಇದ್ದೇ ಇರುತ್ತೆ. ಅದನ್ನೇ ಸಭೇಲಿ ಬಿಚ್ಚಿಡಿ."

ಮೂಲೆಮನೆಯ ಅಜ್ಜಿ ಡಾಕ್ಟರನ್ನು ಕಂಡದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕೀಳೋಕೆ ಬಂದಿಲ್ಲಜ್ಜಿ, ಕೇಳೋಕೆ ಬಂದೆ," ಎಂದರು ಡಾಕ್ಟರು.

ಸೆರಗು ಇಳಿಯಿತು. "ಬೊಚ್ಚುಬಾಯಿ ಅಂದ್ರೆ ನಮ್ಮತ್ತೆ ಕಣಪ್ಪ. ಗೋದಾಮು ಕಟ್ತೀವಿ ಅಂತ ಈ ಮನೆಗಳ್ನೆಲ್ಲ ಕೆಡವೋಕೆ ಸರ್ಕಾರದೋರು ಬಂದಿದ್ರು, ಜೊತೆಗೊಬ್ಬ ಸಾಹೇಬ. ಗಂಡಸ್ರೆಲ್ಲ ಅಟ್ಟ ಹತ್ತಿ ಕೂತ್ರು. ನಿಮ್ಮ ಮಾಲೀಕನ ಅಪ್ಪ ಎಲ್ಲರಿಗಿಂತ ಮುಂಚೆ! ನಮ್ಮತ್ತೆ ನಡುಬೀದೀಲಿ ಮಂಚ ಹಾಕ್ಕೊಂಡು, 'ನಂದೊಂದು ತಕರಾರಿದೆ' ಅಂದ್ಲು. ತಕರಾರು ಕೇಳ್ದೆ ಕೆಡವೋ ಹಾಗಿಲ್ವಲ್ಲ! ಸಾಹೇಬನಿಗೆ ಅಷ್ಟು ಮಾತ್ರ ತಿಳೀತು. ಮುಂದೆ ಸಂಜೆವರೆಗೂ ಹೇಳಿದ್ದು ಒಂದಕ್ಷರ ತಿಳೀಲಿಲ್ಲ. ದಿನಾ ಬಂದ, 'ಏನಮ್ಮಾ? ಏನಂದೆ?' ಅಂತ ಕೇಳಿ ಕೇಳಿ ಸುಸ್ತಾಗಿ ಹೋದ. ಕೊನೆಗೆ ಗೋದಾಮನ್ನೇ ಬೇರೆ ಕಡೆ ಕಟ್ಟಿದ್ರು."

"ಪಾಪ, ಹಲ್ಲಿಲ್ದೆ ಮಾತು ಅಷ್ಟು ಕೆಟ್ಟಿತ್ತಾ?"

"ಯಾರಂದ್ರು? ಮನೇಲಿ ನನ್ನನ್ನ ಬೈವಾಗ ಗಂಟೆ ಹೊಡ್ದಂಗೆ ಸ್ಪಷ್ಟ!"

ಇಂಥ ಕತೆ ಸಭೆಯ ಕಿವಿಗೆ ಬಿದ್ದರೆ ಹಳೇ ಹೆಸರೇ ಗಟ್ಟಿ! ಡಾಕ್ಟರು ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ತೀರ್ಮಾನಿಸಿದರು.

ಸಂಜೆ ಸಭೆಯಲ್ಲಿ ಮನೆ ಮಾಲೀಕರು ಎದ್ದು ನಿಂತು ಎದೆ ತಟ್ಟಿಕೊಂಡರು. "ಆವತ್ತು ಗೋದಾಮಿನವರನ್ನ ಎದುರಿಸಿ ಈ ಬೀದಿ ಉಳಿಸಿದ್ದೇ ನಮ್ಮಪ್ಪ! ಬೇಕಾದ್ರೆ ಡಾಕ್ಟ್ರನ್ನ ಕೇಳಿ."

ಕಟಿಂಗ್ ಶಾಪಿನವನು ಡಾಕ್ಟರ ಬೆನ್ನಿಗೆ ಕೈಕೊಟ್ಟು ವೇದಿಕೆಗೆ ದಬ್ಬಿದ. "ಹೌದು" ಎಂದರೆ ಸಾಕಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿ ತಲೆ ತಗ್ಗಿಸಿ ಕೂತಿದ್ದಳು, ತನ್ನ ಮಾತನ್ನು ಯಾರು ಕೇಳುತ್ತಾರೆ ಎಂಬಂತೆ. ಡಾಕ್ಟರಿಗೆ ಅದನ್ನು ನೋಡಲಾಗಲಿಲ್ಲ.

"ಸುಳ್ಳು!" ಎಂದು ಗುಡುಗಿದರು. ಗುಡುಗಿದ್ದು ತಾವೇ ಎಂದು ಅವರಿಗೆ ಗೊತ್ತಾದದ್ದು ಆಮೇಲೆ. ಕತೆಯನ್ನೆಲ್ಲ ಹೇಳಿದರು. ತುಟಿ ಒಳಗೆ ಮಡಚಿಕೊಂಡು ಮುದುಕಿಯ ತಕರಾರನ್ನು ಮಾಡಿ ತೋರಿಸಿದರು. ಸಾಹೇಬನಾಗಿ ಕಿವಿಗೆ ಕೈಯಿಟ್ಟು "ಏನಮ್ಮಾ?" ಎಂದರು. ಜನ ಹೊಟ್ಟೆ ಹಿಡಿದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಜ್ಜಿ ತಲೆಯೆತ್ತಿ ಸುತ್ತ ನೋಡಿದಳು.

"ಹೆಸರು ಬದಲಾಯಿಸೋ ಮಾತೇ ಇಲ್ಲ!" ಕಾರ್ಪೊರೇಟರು ಮೇಜು ಗುದ್ದಿದರು. "ಕಲ್ಲಲ್ಲಿ ಕೆತ್ತಿಸ್ತೀನಿ!"

ಚಪ್ಪಾಳೆ, ಶಿಳ್ಳೆ, ಜೈಕಾರ. ಡಾಕ್ಟರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುಂಬ ಮೆರೆಸಿದರು. ತಮ್ಮದೇ ಬೋರ್ಡಿನ ಮುಂದೆ ಹಾದಾಗ ಅವರೂ ಗಂಟಲು ಹರಿಯುವಂತೆ, "ಬೊಚ್ಚುಬಾಯಿ ಬೀದಿಗೆ ಜೈ!" ಎಂದರು.

ಇಳಿದು ನೋಡಿದರೆ ಕ್ಲಿನಿಕ್ಕಿನ ಮುಂದೆ ಉದ್ದನೆಯ ಸಾಲು. ಬೀದಿಯ ಹಿರಿಯರೆಲ್ಲ ನಿಂತಿದ್ದಾರೆ. ಹೆಂಡತಿ ಕುರ್ಚಿ ಹಾಕಿ ಹಾಕಿ ಬೆವತಿದ್ದಳು. "ನೋಡಿದ್ರಾ, ಒಂದು ಭಾಷಣಕ್ಕೆ ಎಷ್ಟು ಜನ!"

ಸಾಲಿನ ಮೊದಲಿಗರು ರಿಟೈರ್ಡ್ ಮೇಷ್ಟ್ರು. "ಡಾಕ್ಟ್ರೇ, ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟಿದ್ನಲ್ಲ, ಅದು ಬೇಡ."

"ಯಾಕೆ ಮೇಷ್ಟ್ರೇ?"

"ನಿಮ್ಮ ಮಾತು ಕೇಳಿದ್ಮೇಲೆ ಕಟ್ಟಿಸ್ಕೊಳ್ಳೋಕೆ ಮನಸ್ಸು ಬರುತ್ತಾ? ಬೀದಿ ಮರ್ಯಾದೆ ಪ್ರಶ್ನೆ! ಇನ್ಮೇಲೆ ಹೀಗೇ ಎದೆ ಸೆಟೆಸಿ ಓಡಾಡ್ತೀವಿ."

"ನಂಗೂ ಬೇಡ!" "ನಂಗೂ!" ಎನ್ನುತ್ತ ಇಡೀ ಸಾಲು ಹೆಮ್ಮೆಯಿಂದ ಬಾಯಗಲಿಸಿತು.

ಡಾಕ್ಟರು ಹಲ್ಲು ಕಚ್ಚಿಕೊಂಡು ನಕ್ಕರು. ಹಾಗೆ ಮಾಡಲು ಸಾಲಿನಲ್ಲಿ ಒಬ್ಬರಿಗೂ ಹಲ್ಲಿರಲಿಲ್ಲ.